ಬಾಯಿ ಬಿಡದ ಬೀಗರು

ಹಲ್ಲಪ್ಪ ಬೆಳಿಗ್ಗೆ ಎದ್ದವನೇ ಕಾರು ತೊಳೆಯಲು ನಿಂತ. ತೊಳೆದು, ಒರೆಸಿ, ಒರೆಸಿದ ಬಟ್ಟೆ ಹಿಂಡಿ ಮತ್ತೆ ಒರೆಸುತ್ತಿದ್ದಾಗ ಮಹಡಿಯ ಕಿಟಕಿಯಿಂದ ಹೆಂಡತಿಯ ತಲೆ ಹೊರಬಂತು.

"ಸಾಕು ಬಿಡ್ರೀ. ಇನ್ನೂ ಉಜ್ಜಿದ್ರೆ ಬಣ್ಣ ಕಿತ್ತು ಬರುತ್ತೆ."

"ಬೀಗರು ಕೂರೋ ಕಾರು ಕಣೇ ಇದು."

"ಕೂರ್ತಾರೆ, ಅಷ್ಟೇ. ಮಾತಾಡ್ತಾರೆ ಅಂತ ಮಾತ್ರ ಕಾಯ್ಬೇಡಿ."

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಹಲ್ಲು ಕಟ್ಟುವ ಕಸುಬು ಹಿಡಿದ ಮೇಲೆ ಬೀದಿಯವರೆಲ್ಲ ಸೇರಿ ಆ ಹೆಸರನ್ನು ಕಿತ್ತುಹಾಕಿ ಹಲ್ಲಪ್ಪ ಎಂಬುದನ್ನು ಕೂರಿಸಿದರು. ಅದು ಭದ್ರವಾಗಿ ಕೂತುಬಿಟ್ಟಿತು. ಹಲ್ಲು ಉದುರಿದ ಮುದುಕರಿಗೆ, ಬಿದ್ದು ಮುಂಬಲ್ಲು ಮುರಿದುಕೊಂಡವರಿಗೆ ಹಲ್ಲಿನ ಸೆಟ್ ಮಾಡಿಕೊಡುವುದು ಅವನ ಕೆಲಸ. ಮನೆ ಬಿಟ್ಟರೆ ಅಂಗಡಿ, ಅಂಗಡಿ ಬಿಟ್ಟರೆ ಮನೆ. ಕಾರು ಕೊಂಡದ್ದೂ ಆ ಒಂದು ದಾರಿಗೆಂದೇ. ಇಷ್ಟು ದೊಡ್ಡ ನಗರದಲ್ಲಿ ತಲೆ ಅರ್ಧ ನರೆಯುವವರೆಗೆ ಬಾಳಿದ್ದರೂ ಅವನು ನೋಡಿದ್ದು ಊರಿನ ಜನರ ಬಾಯೊಳಗನ್ನು ಮಾತ್ರ. ಅರಮನೆಯೊಳಗೆ ಕಾಲಿಟ್ಟವನಲ್ಲ, ಗಡಿಯಾರದ ಗೋಪುರ ಹತ್ತಿದವನಲ್ಲ. ಅಂಥವನ ತಲೆಗೆ ಈಗ ಊರು ತೋರಿಸುವ ಕೆಲಸ ಬಂದು ಬಿದ್ದಿತ್ತು.

ಅದನ್ನು ಅವನ ತಲೆಗೆ ಕಟ್ಟಿದ್ದು ಮಗಳು. ಆಸ್ಪತ್ರೆಯಲ್ಲಿ ಜೊತೆಗೆ ಕೆಲಸ ಮಾಡುವ ಹುಡುಗನನ್ನು ಮೆಚ್ಚಿ ಅವಳು ಈಚೆಗಷ್ಟೇ ಮದುವೆಯಾಗಿದ್ದಳು. ಹುಡುಗನ ಅಪ್ಪ ಅಮ್ಮ ದೂರದ ಸಣ್ಣ ಊರಿನವರು. ಹಿಂದಿನ ರಾತ್ರಿ ಬಂದು ಮಗನ ಮನೆಯಲ್ಲಿ ಇಳಿದಿದ್ದರು, ಈ ಸಂಜೆಯ ರೈಲಿಗೆ ವಾಪಸು ಹೋಗುವವರು. ಮಗನಿಗೂ ಸೊಸೆಗೂ ರಜ ಸಿಕ್ಕಿರಲಿಲ್ಲ. "ಅಪ್ಪಾ, ಒಂದೇ ದಿನ. ಕಾರಲ್ಲಿ ಕೂರಿಸ್ಕೊಂಡು ಮುಖ್ಯವಾದದ್ದೆಲ್ಲ ತೋರಿಸಿಬಿಡು" ಎಂದು ಮಗಳು ಫೋನಿನಲ್ಲಿ ಹೇಳಿದಾಗ ಹಲ್ಲಪ್ಪ ಹಿಂದೆಮುಂದೆ ನೋಡದೆ ಹೂಂ ಎಂದಿದ್ದ. ಆಮೇಲೆ ಕೆಳಮನೆಯ ಟ್ಯಾಕ್ಸಿಯವನ ಹತ್ತಿರ ಕೂತು ದಾರಿಯನ್ನು ಬಾಯಿಪಾಠ ಮಾಡಿಕೊಂಡಿದ್ದ. ಮೊದಲು ಅರಮನೆ, ಆಮೇಲೆ ಸೇತುವೆ, ಊಟ, ಮ್ಯೂಸಿಯಂ, ಝೂ, ಹೂದೋಟ, ಕೊನೆಗೆ ಗೋಪುರ. "ಇದೇ ಸಾಲಲ್ಲಿ ಹೋಗು. ಉಲ್ಟಾ ಹೊಡೆದ್ರೆ ಕೆಟ್ಟೆ, ಎಲ್ಲಾ ಒನ್‌ವೇ" ಎಂದು ಅವನು ಎಚ್ಚರಿಸಿದ್ದ.

ಹಲ್ಲಪ್ಪನ ಹೆಂಡತಿಗೆ ಮಾತ್ರ ಈ ತಿರುಗಾಟದಲ್ಲಿ ಉಮೇದಿರಲಿಲ್ಲ. ಹುಡುಗನ ಅಪ್ಪ ಅವರೂರಿನ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಆರಡಿ ಆಳು, ಕೋಲು ನೆಟ್ಟಂಥ ಬೆನ್ನು. ಮದುವೆಯ ದಿನ ಅವರು ಆಡಿದ ಮಾತನ್ನು ಬೆರಳಲ್ಲಿ ಎಣಿಸಬಹುದಿತ್ತು. ಫೋಟೋಗೆ ನಿಂತಾಗಲೂ ತುಟಿ ಬಿಚ್ಚಲಿಲ್ಲ. ಅವರಿಗೆ ನಮ್ಮ ಸಂಬಂಧ ಹಿಡಿಸಿಲ್ಲ, ನಾವು ಅವರ ಕಣ್ಣಿಗೆ ಕಡಿಮೆ ಎಂದು ಅವಳು ಅವತ್ತೇ ತೀರ್ಮಾನಿಸಿ, ಅವರಿಗೆ 'ಬಾಯಿಗೆ ಬೀಗ ಹಾಕಿಕೊಂಡ ಬೀಗರು' ಎಂದು ಹೆಸರಿಟ್ಟಿದ್ದಳು.

ಮಗಳ ಮನೆಯ ಮುಂದೆ ಕಾರು ನಿಂತಾಗ ಬೀಗರಿಬ್ಬರೂ ಆಗಲೇ ಗೇಟಿನ ಹತ್ತಿರ ಕಾದಿದ್ದರು. ಮೇಷ್ಟ್ರು ಕೋಟು ಹಾಕಿ ಮೇಲಿನ ಗುಂಡಿಯವರೆಗೆ ಬಿಗಿದಿದ್ದರು. ಬೀಗಿತ್ತಿ ಗುಂಡುಗುಂಡಗಿದ್ದ ಹೆಂಗಸು, ಹೆರಿಗೆ ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತರಾದವರು. ಅವರೂರಿನ ಮಂದಿಗೆಲ್ಲ ಅವರು ನರ್ಸಮ್ಮ.

"ಬನ್ನಿ ಬೀಗರೇ, ಮುಂದೆ ಕೂತ್ಕೊಳಿ. ಕಾಲು ಚಾಚೋಕೆ ಜಾಗ ಇದೆ" ಎಂದ ಹಲ್ಲಪ್ಪ.

ಮೇಷ್ಟ್ರು ತಲೆಯಾಡಿಸಿ ಕೂತರು. ಹಿಂದಿನಿಂದ ನರ್ಸಮ್ಮ, "ಇವರು ಎಲ್ಲಿ ಕೂತ್ರೂ ನೆಟ್ಟಗೇ ಕೂರೋದು. ಹಾಸಿಗೆ ಮೇಲೂ ಹಾಗೇ" ಎಂದರು. ಹಲ್ಲಪ್ಪನ ಹೆಂಡತಿಗೆ ನಗು ಬಂತು. ನಗಬಾರದೆಂದು ಕಿಟಕಿಯ ಕಡೆ ತಿರುಗಿದಳು.

ಅರಮನೆಯ ಹತ್ತಿರ ಕಾರು ನಿಲ್ಲಿಸಲು ಜಾಗ ಸಿಗಲಿಲ್ಲ. ಪೊಲೀಸಿನವನು ಮುಂದೆ ಹೋಗು ಎಂದು ಕೈ ಬೀಸಿದ. ಮುಂದೆ ಹೋದರೆ ರಸ್ತೆ ತಿರುಗಿ ತಿರುಗಿ ಮತ್ತೆ ಅದೇ ಗೇಟಿಗೆ ತಂದು ಬಿಟ್ಟಿತು. ಅರಮನೆಗೆ ಹೀಗೆ ಸುತ್ತು ಬಂದು ಬಂದು ಸಾಕಾದಾಗ, ಕೊನೆಗೆ ಅದೇ ಪೊಲೀಸಿನವನು ಮರುಕಪಟ್ಟು ಒಂದು ಮರದ ಕೆಳಗೆ ಜಾಗ ತೋರಿಸಿದ. ಮುಂದಿನ ಅಂಗಳದಲ್ಲಿ ಕುದುರೆಯ ಮೇಲೆ ಕೂತ ಕಂಚಿನ ವಿಗ್ರಹವಿತ್ತು. ಬೀಗರ ಎದುರು ಬಾಯಿ ಕಟ್ಟಿಕೊಂಡು ನಿಲ್ಲುವುದು ಹೇಗೆ ಎಂದು ಹಲ್ಲಪ್ಪ ಗಂಟಲು ಸರಿಮಾಡಿಕೊಂಡ.

"ಇವನೇ ನೋಡಿ ಆ ಕಾಲದ ರಾಜ. ಯುದ್ಧಕ್ಕೆ ನಿಂತ ಅಂದ್ರೆ ಎದುರಿಗೆ ಒಬ್ಬನೂ ನಿಲ್ತಿರಲಿಲ್ಲ."

ನರ್ಸಮ್ಮ ಕನ್ನಡಕ ಏರಿಸಿ ಕೆಳಗಿನ ಕಲ್ಲಿನಲ್ಲಿ ಕೆತ್ತಿದ್ದನ್ನು ಓದಿದರು. "ಊರಿಗೆ ಮೊದಲು ನಲ್ಲಿ ನೀರು ತಂದ ಇಂಜಿನಿಯರ್ ಅಂತ ಬರೆದಿದೆ ಬೀಗರೇ. ಪಾಪ, ಪೈಪು ಹಾಕೋಕೂ ಕುದುರೆ ಮೇಲೇ ಓಡಾಡ್ತಿದ್ದ ಅಂತ ಕಾಣುತ್ತೆ."

ಈ ಸಲ ಹಲ್ಲಪ್ಪನ ಹೆಂಡತಿಗೆ ತಡೆಯಲಾಗಲಿಲ್ಲ, ಕಿಸಕ್ಕೆಂದಳು. ಹಲ್ಲಪ್ಪನೂ ನಕ್ಕ. ಮೇಷ್ಟ್ರು ಮಾತ್ರ ತುಟಿ ಒತ್ತಿಕೊಂಡೇ "ಹೂಂ" ಎಂದರು. ಒಳಗೆ ಸಿಂಹಾಸನ, ಕನ್ನಡಿಗಳ ಹಜಾರ, ಯಾರೋ ರಾಣಿಯ ಸ್ನಾನದ ತೊಟ್ಟಿ ಎಲ್ಲ ನೋಡಿದರು. ಎಲ್ಲದಕ್ಕೂ ಅದೇ "ಹೂಂ".

ಸೇತುವೆಯ ಮೇಲೆ ಗಾಳಿ ಚೆನ್ನಾಗಿ ಬೀಸುತ್ತಿತ್ತು. ಕೆಳಗೆ ನದಿಯಲ್ಲಿ ಮರಳಿನ ದೋಣಿಗಳು ಸಾಲಾಗಿ ಹೋಗುತ್ತಿದ್ದವು. ಕಾಲುದಾರಿಯ ತುದಿಯಲ್ಲಿ ಒಬ್ಬಳು ಕೆಂಡದ ಮೇಲೆ ಜೋಳದ ತೆನೆ ಸುಡುತ್ತಿದ್ದಳು. ಹಲ್ಲಪ್ಪ ಎಳೆಯವನ್ನೇ ಆರಿಸಿ ಎಲ್ಲರ ಕೈಗೂ ಒಂದೊಂದು ಕೊಟ್ಟ. ಮೇಷ್ಟ್ರು ತೆನೆ ತೆಗೆದುಕೊಂಡು, ತಲೆಬಾಗಿ, ಬೆನ್ನು ತಿರುಗಿಸಿ ಕಂಬಿಯ ಹತ್ತಿರ ಹೋಗಿ ನಿಂತರು. ತಿರುಗಿ ಬಂದಾಗ ಕೈಯಲ್ಲಿ ತೆನೆಯಿರಲಿಲ್ಲ.

"ಎಷ್ಟು ಬೇಗ ತಿಂದ್ರು ನೋಡು" ಎಂದ ಹಲ್ಲಪ್ಪ ಹೆಂಡತಿಯ ಕಿವಿಯಲ್ಲಿ, ಹೆಮ್ಮೆಯಿಂದ.

"ತಿಂದ್ರೋ ಹೊಳೆಗೆ ಎಸೆದ್ರೋ" ಎಂದಳು ಅವಳು.

ಊಟದ ಹೊತ್ತಿಗೆ ಅವಳ ಅನುಮಾನಕ್ಕೆ ರೆಕ್ಕೆಪುಕ್ಕ ಬಂತು. ಹಲ್ಲಪ್ಪ ಒಳ್ಳೆಯ ಹೋಟೆಲನ್ನೇ ಹುಡುಕಿದ್ದ. ಮೇಜಿನ ತುಂಬ ತಟ್ಟೆ ಬಂದರೂ ಮೇಷ್ಟ್ರು ಒಂದು ಬಟ್ಟಲು ಸೂಪು ಕುಡಿದು ಕೈ ಒರೆಸಿಕೊಂಡರು. ಹಲ್ಲಪ್ಪ ಎಷ್ಟು ಬಲವಂತ ಮಾಡಿದರೂ ಅಂಗೈ ಅಡ್ಡ ಹಿಡಿದರು. ನರ್ಸಮ್ಮ ಗಂಡನ ಕಡೆ ಒಮ್ಮೆ ನೋಡಿ, ಏನೋ ಹೇಳಲು ಬಾಯಿ ತೆರೆದು, ಅವರು ಹುಬ್ಬು ಗಂಟಿಕ್ಕಿದ್ದು ಕಂಡು ಸುಮ್ಮನಾದರು. ಕೈ ತೊಳೆಯಲು ಹೋದಾಗ ಹಲ್ಲಪ್ಪನ ಹೆಂಡತಿ ಗಂಡನನ್ನು ಮೂಲೆಗೆ ಕರೆದಳು.

"ನೋಡಿದ್ರಾ? ನಮ್ಮ ಜೊತೆ ಕೂತು ಉಂಡ್ರೆ ಅವರ ಘನತೆ ಸವೆದು ಹೋಗುತ್ತೆ. ನಾಳೆ ನಮ್ಮ ಹುಡುಗಿ ಇವರ ಮನೇಲಿ ಹೇಗೆ ಬಾಳಬೇಕು?"

"ನಿಧಾನಕ್ಕೆ ಮಾತಾಡೇ. ಹೊಟ್ಟೆ ಸರಿ ಇಲ್ದೇ ಇರಬಹುದು."

"ಹೊಟ್ಟೆ ಅಲ್ಲ, ಮನಸ್ಸು ಸರಿ ಇಲ್ಲ."

ಹಲ್ಲಪ್ಪ ಮೇಲಕ್ಕೆ ಹೊಟ್ಟೆಯ ನೆಪ ಹೇಳಿದರೂ ಒಳಗೊಳಗೇ ಅವನಿಗೂ ಚುಚ್ಚಿತು. ಮ್ಯೂಸಿಯಂ ಮುಂದೆ ಕಾರು ನಿಲ್ಲಿಸಿ ಮೂವರೂ ಇಳಿದ ಮೇಲೆ, ಬಾಗಿಲು ಹಾಕಲು ಬಗ್ಗಿದವನಿಗೆ ಮುಂದಿನ ಸೀಟಿನ ಸಂದಿಯಲ್ಲಿ ಕರವಸ್ತ್ರದ ಗಂಟೊಂದು ಕಂಡಿತು. ಮೇಷ್ಟ್ರ ಕೋಟಿನ ಜೇಬಿನಿಂದ ಜಾರಿದ್ದಿರಬೇಕು. ಎತ್ತಿದರೆ ಒಳಗೆ ಜೋಳದ ತೆನೆ. ಒಂದು ಕಾಳೂ ಕದಲಿರಲಿಲ್ಲ.

ಅವನ ಮುಖ ಸಪ್ಪಗಾಯಿತು. ಬೇಡವಾಗಿದ್ದರೆ ಬೇಡ ಎನ್ನಬಹುದಿತ್ತು. ಕೊಟ್ಟದ್ದನ್ನು ಕಳ್ಳಮಾಲಿನ ಹಾಗೆ ಬಚ್ಚಿಡುವುದೇಕೆ? ಗಂಟನ್ನು ಅಲ್ಲೇ ಇಟ್ಟು ಬಾಗಿಲು ದಡಾರೆಂದು ಹಾಕಿದ. ಇವತ್ತು ಕೇಳಿಯೇ ಬಿಡುವುದು ಎಂದುಕೊಂಡು ಮೆಟ್ಟಿಲು ಹತ್ತಿದ.

ದೊಡ್ಡ ಹಜಾರದ ನಡುವೆ ಯಾವುದೋ ಕಾಲದ ದೈತ್ಯಪ್ರಾಣಿಯ ಅಸ್ಥಿಪಂಜರ ನಿಂತಿತ್ತು. ಹೆಂಗಸರಿಬ್ಬರೂ ಕಾಲು ನೋವೆಂದು ಬಾಗಿಲ ಬಳಿಯ ಬೆಂಚಿನಲ್ಲಿ ಕೂತಿದ್ದರು. ಮೇಷ್ಟ್ರು ಒಬ್ಬರೇ ಆ ಪ್ರಾಣಿಯ ತೆರೆದ ಬಾಯಿಯ ಎದುರು ನಿಂತು ಕತ್ತೆತ್ತಿ ನೋಡುತ್ತಿದ್ದರು. ಹಲ್ಲಪ್ಪ ದಾಪುಗಾಲು ಹಾಕಿ ಹತ್ತಿರ ಹೋದ. ಕೇಳಬೇಕೆಂದಿದ್ದ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅಷ್ಟರಲ್ಲಿ ಮೇಷ್ಟ್ರು ಎಡಗೈಯಿಂದ ತಮ್ಮ ಕೆನ್ನೆಯನ್ನು ಮೆಲ್ಲಗೆ ಒತ್ತಿಕೊಂಡು, ತಮ್ಮಷ್ಟಕ್ಕೇ ಎಂಬಂತೆ, "ಎಲ್ಲಾ ಸಾಲಾಗಿ, ಸರಿಯಾಗಿವೆ" ಎಂದರು.

ಆ 'ಸ'ಕಾರ ಸಿಳ್ಳೆಯಾಗಿ ಹೊರಟಿತು. ಹಿಂದೆಯೇ ಸಣ್ಣಗೆ 'ಟಕ್' ಎಂಬ ಸದ್ದು.

ಹಲ್ಲಪ್ಪ ನಿಂತಲ್ಲೇ ನಿಂತ. ಆ ಸಿಳ್ಳೆಯನ್ನೂ ಆ ಟಕ್ಕನ್ನೂ ಅವನು ದಿನ ಬೆಳಗಾದರೆ ಕೇಳುವವನು. ಕೇಳಬೇಕೆಂದಿದ್ದ ಮಾತು ಎಲ್ಲೋ ಹೋಯಿತು.

"ಬೀಗರೇ" ಎಂದ ತಗ್ಗಿದ ದನಿಯಲ್ಲಿ, "ಮೇಲಿನದು ಮಾತ್ರಾನಾ, ಎರಡೂನಾ?"

ಮೇಷ್ಟ್ರು ಬೆಚ್ಚಿ ಸುತ್ತಮುತ್ತ ನೋಡಿದರು. ಹೆಂಗಸರು ದೂರದಲ್ಲಿದ್ದರು.

"ಎರಡೂ."

"ಯಾವಾಗ ಕಟ್ಟಿಸಿದ್ದು?"

"ಮದುವೆಗೆ ಅಂತ. ನಮ್ಮೂರ ಹತ್ತಿರಾನೇ."

"ಎಲ್ಲಿ ನೋಯುತ್ತೆ?"

"ಎಲ್ಲಿ ನೋಯಲ್ಲ ಅಂತ ಕೇಳಿ" ಎಂದರು ಮೇಷ್ಟ್ರು. ಒಮ್ಮೆ ಕಟ್ಟೆ ಒಡೆದದ್ದೇ ತಡ, ಅವರ ಮಾತು ಸಿಳ್ಳೆಯ ಮೇಲೆ ಸಿಳ್ಳೆ ಹಾಕುತ್ತ ಹರಿಯಿತು. "ಮದುವೆ ದಿನ ಕಣ್ಣಲ್ಲಿ ನೀರು ಬರ್ತಿತ್ತು. ಎಲ್ಲಾರೂ ಮಗನ ಮದುವೆ ಸಂತೋಷ ಅಂದ್ಕೊಂಡ್ರು. ಆಮೇಲೆ ಶಾಲೇಲಿ ಆಟೋಟದ ದಿನ. ಮಕ್ಕಳು ಸಾಲಾಗಿ ನಿಂತಿದ್ರು. ನಾನು ಎದೆ ತುಂಬ ಉಸಿರು ತಗೊಂಡು 'ಅಟೆನ್ಶನ್' ಅಂದೆ ನೋಡಿ. ಮೇಲಿನ ಸೆಟ್ ಹಾರಿ ಹೋಗಿ ಹುಲ್ಲಿನ ಮೇಲೆ ಬಿತ್ತು. ನನ್ನ ಮಕ್ಕಳು ಶಿಸ್ತಿನವರು, ಒಬ್ಬನೂ ಕದಲಲಿಲ್ಲ. ನಗು ತಡೆದು ತಡೆದು ಅವರ ಮುಖ ಎಲ್ಲಾ ಕೆಂಪಾಗಿತ್ತು. ಅವತ್ತಿಂದ ನಾನು ಬರೀ ಪೀಪಿ ಊದ್ತಾ ಇದ್ದೀನಿ."

ಹಲ್ಲಪ್ಪ ಕೆನ್ನೆಯನ್ನು ಒಳಗಿನಿಂದ ಕಚ್ಚಿ ಹಿಡಿದ. "ನಂಗೆ ಒಂದು ಮಾತು ಹೇಳಬಾರದಿತ್ತಾ? ನಾನು ಮಾಡೋ ಕೆಲಸಾನೇ ಅದಲ್ವಾ?"

"ಅದಕ್ಕೇ ಹೇಳಲಿಲ್ಲ. ಮಗನ ಮಾವನ ಮುಂದೆ ಬೊಚ್ಚುಬಾಯಿ ತೆಗೆದು ಕೂರೋದು ಹೇಗೆ? ಇವಳು ಬಡ್ಕೊಂಡ್ಲು, ಬಾಯಿ ಬಿಟ್ಟು ಹೇಳಿ ಅಂತ. ನಂಗೇ ಮನಸ್ಸು ಬರಲಿಲ್ಲ."

ಹಲ್ಲಪ್ಪನಿಗೆ ತನ್ನ ಮೇಲೇ ಬೇಸರವಾಯಿತು. ಬೆಳಗಿನಿಂದ ಈ ಮನುಷ್ಯ ಪಕ್ಕದಲ್ಲೇ ಕೂತಿದ್ದಾರೆ. ನಾನು ಅರಮನೆ ನೋಡಿ, ಸೇತುವೆ ನೋಡಿ ಎಂದು ಕೈ ತೋರಿಸುತ್ತಿದ್ದೆನೇ ಹೊರತು ಅವರ ಮುಖ ಒಮ್ಮೆ ಸರಿಯಾಗಿ ನೋಡಲಿಲ್ಲ.

"ನಡೀರಿ" ಎಂದ. "ಝೂ ಎಲ್ಲೂ ಓಡಿ ಹೋಗಲ್ಲ. ಮೊದಲು ನಮ್ಮ ಅಂಗಡಿ ನೋಡ್ಕೊಂಡು ಬರೋಣ."

ಬೆಂಚಿನ ಹತ್ತಿರ ಬಂದು, ಕಾರಿನಲ್ಲಿ ಏನೋ ಸದ್ದು ಬರುತ್ತಿದೆ, ಇಬ್ಬರೂ ಹೋಗಿ ರಿಪೇರಿ ಮಾಡಿಸಿಕೊಂಡು ಬರುತ್ತೇವೆ, ನಿಮ್ಮನ್ನು ಗೋಪುರದ ಹತ್ತಿರ ಇಳಿಸುತ್ತೇವೆ, ಅಲ್ಲಿಯವರೆಗೆ ಅದನ್ನು ನೋಡಿಕೊಳ್ಳಿ ಎಂದು ಹಲ್ಲಪ್ಪ ಸುಳ್ಳು ಹೊಸೆದ. ಅವನ ಹೆಂಡತಿ, "ನಂಗೇನೂ ಕೇಳಿಸಲಿಲ್ಲಪ್ಪ" ಎಂದಳು. ನರ್ಸಮ್ಮ ಗಂಡನ ಮುಖ ನೋಡಿದರು. ಅವರಿಗೆ ಎಲ್ಲ ಹೊಳೆದುಹೋಯಿತು.

"ಮಾಡಿಸ್ಕೊಂಡು ಬನ್ನಿ ಬೀಗರೇ, ನಿಧಾನಕ್ಕೆ" ಎಂದರು. "ನಮ್ಮನೇಲಿ ಸದ್ದು ಇಲ್ಲದೇನೇ ಬೇಜಾರಾಗಿದೆ."

ಹಲ್ಲಪ್ಪನ ಅಂಗಡಿ ಒಂದು ಹಳೇ ಕಟ್ಟಡದ ಹಿಂಬದಿಯಲ್ಲಿತ್ತು. ಒಳಗೆ ಕರಗಿದ ಮೇಣದ ವಾಸನೆ. ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಪ್ಲಾಸ್ಟರಿನ ದವಡೆಗಳು ಬಾಯಿ ತೆರೆದುಕೊಂಡು ಕೂತಿದ್ದವು. ಕಿಟಕಿಯ ಬಳಿ ಸವೆದ ಮೇಜು, ಸಣ್ಣ ಮೋಟಾರು, ಬಟ್ಟೆಯ ಚಕ್ರ, ಸ್ಪಿರಿಟ್ ದೀಪ. ಮೇಷ್ಟ್ರು ಕುರ್ಚಿಯಲ್ಲಿ ಕೂತು ಎರಡು ಕೈಯಿಂದಲೂ ಅದರ ತೋಳು ಹಿಡಿದರು.

"ತೆಗೀರಿ" ಎಂದ ಹಲ್ಲಪ್ಪ, ಬಟ್ಟಲು ಮುಂದೆ ಹಿಡಿದು.

ಮೇಷ್ಟ್ರ ಕೈ ಬಾಯಿಯ ತನಕ ಹೋಗಿ ನಿಂತಿತು. ಆರಡಿ ಆಳು ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿತು. ಹಲ್ಲಪ್ಪ ಬಟ್ಟಲನ್ನು ಮೇಜಿನ ಮೇಲಿಟ್ಟು, ತನ್ನ ಬಾಯೊಳಗೆ ಹೆಬ್ಬೆರಳು ಹಾಕಿ ಒಂದು ಮೀಟು ಮೀಟಿದ. ಮುಂದಿನ ನಾಲ್ಕು ಹಲ್ಲು ಒಟ್ಟಿಗೆ ಕೈಗೆ ಬಂದವು. ಅದನ್ನು ಬಟ್ಟಲಿನಲ್ಲಿ ಹಾಕಿ, ನಡುವೆ ದೊಡ್ಡ ಬಾಗಿಲು ತೆರೆದ ಬಾಯಲ್ಲಿ ನಕ್ಕ.

"ಹುಡುಗನಾಗಿದ್ದಾಗ ಥೈಕಲ್ಲಿಂದ ಬಿದ್ದಿದ್ದು. ನನ್ನ ಹೆಂಡತಿಗೆ ಬಿಟ್ರೆ ಇನ್ಯಾರಿಗೂ ಗೊತ್ತಿಲ್ಲ."

ಸೈಕಲ್ಲು ಥೈಕಲ್ಲಾದದ್ದನ್ನು ಕೇಳಿ ಮೇಷ್ಟ್ರು ಕಣ್ಣು ಕಣ್ಣು ಬಿಟ್ಟರು. ಆಮೇಲೆ ಅವರ ಭುಜ ಕುಲುಕತೊಡಗಿತು. ನಗುತ್ತ ನಗುತ್ತಲೇ ಎರಡೂ ಸೆಟ್ಟನ್ನು ತೆಗೆದು ಬಟ್ಟಲಿಗೆ ಹಾಕಿದರು. ಬೀಗರಿಬ್ಬರೂ ಒಬ್ಬರ ಬೋಳುಬಾಯಿ ಇನ್ನೊಬ್ಬರು ನೋಡುತ್ತ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಮದುವೆಯಲ್ಲಿ ಆಗಬೇಕಾಗಿದ್ದ ಉಪಚಾರ ಅಲ್ಲಿ ಆಯಿತು.

ಆಮೇಲೆ ಹಲ್ಲಪ್ಪ ಕೆಲಸಕ್ಕಿಳಿದ. ಸೆಟ್ಟಿನ ಒಳಮೈಗೆ ಬಿಳಿಯ ಲೇಪ ಹಚ್ಚಿ ಬಾಯಿಗೆ ಕೂರಿಸಿ ತೆಗೆದ. ಲೇಪ ಅಳಿಸಿಹೋದ ಕಡೆಯೇ ವಸಡಿಗೆ ಒತ್ತುವ ಜಾಗ. ಅದನ್ನು ಮೋಟಾರಿನ ಸೂಜಿಯಂಥ ಅರದಿಂದ ಕೂದಲೆಳೆಯಷ್ಟು ತೇದ. ನೀಲಿ ಕಾಗದ ಕಚ್ಚಿಸಿ, ಗುರುತು ನೋಡಿ, ಎತ್ತರವಾಗಿದ್ದ ಹಲ್ಲುಗಳನ್ನು ತಗ್ಗಿಸಿದ. ಸಡಿಲವಾಗಿದ್ದ ಮೇಲಿನ ಸೆಟ್ಟಿನ ಹಿಂದಿನ ಅಂಚಿಗೆ ಗುಲಾಬಿ ಬಣ್ಣದ ಹಿಟ್ಟು ಕಲಸಿ ಸೇರಿಸಿ, ಗಟ್ಟಿಯಾದ ಮೇಲೆ ಬಟ್ಟೆಯ ಚಕ್ರಕ್ಕೆ ಹಿಡಿದು ನುಣುಪು ಮಾಡಿದ. ಕೆಲಸ ಮಾಡುತ್ತ ಮಾಡುತ್ತ ಮಗಳ ಚಿಕ್ಕಂದಿನ ತಂಟೆಗಳನ್ನು ಹೇಳಿದ. ಬಾಯಿ ಖಾಲಿಯಿದ್ದ ಮೇಷ್ಟ್ರು ಮಗ ಎಷ್ಟು ದೊಡ್ಡವನಾಗುವ ತನಕ ಕತ್ತಲೆಗೆ ಹೆದರುತ್ತಿದ್ದ ಎಂದು ಹೇಳಿದರು. ಅರ್ಧ ಮಾತು ಗಾಳಿಯಲ್ಲೇ ಹೋಗುತ್ತಿದ್ದರೂ ಹಲ್ಲಪ್ಪನಿಗೆ ಒಂದಕ್ಷರ ತಪ್ಪದೆ ತಿಳಿಯುತ್ತಿತ್ತು. ಬೊಚ್ಚುಬಾಯಿಯ ಭಾಷೆ ಅವನಿಗೆ ತಾಯಿನುಡಿಯಷ್ಟೇ ಸಲೀಸು.

"ಇದು ಸದ್ಯಕ್ಕೆ. ಅಳತೆ ತಗೊಂಡಿದ್ದೀನಿ, ಹೊಸದು ಮಾಡಿ ಇಡ್ತೀನಿ" ಎಂದು ಸೆಟ್ ಕೈಗಿತ್ತ.

ಮೇಷ್ಟ್ರು ಹಾಕಿಕೊಂಡರು. ಕಚ್ಚಿದರು. ನಾಲಿಗೆಯಿಂದ ಮೂಲೆಮೂಲೆ ತಡವಿದರು. "ಸಾಸಿವೆ" ಎಂದರು. ಸಿಳ್ಳೆಯಿಲ್ಲ. "ಸೈಕಲ್" ಎಂದರು. ಆಮೇಲೆ ಎದ್ದು, ಕಾರಿನ ಹತ್ತಿರ ಹೋಗಿ, ಕರವಸ್ತ್ರದ ಗಂಟು ಬಿಚ್ಚಿ, ಆ ತಣ್ಣಗಾದ ತೆನೆಯನ್ನು ಬಾನೆಟ್ಟಿಗೆ ಒರಗಿಕೊಂಡು ಒಂದು ಕಾಳೂ ಬಿಡದೆ ತಿಂದರು. ಹಲ್ಲಪ್ಪ ಪಕ್ಕದಲ್ಲಿ ನಿಂತು, ತನ್ನ ಕೈಯಾರೆ ಉಣ್ಣಿಸಿದವನ ಹಾಗೆ ನೋಡಿದ.

ಗೋಪುರದ ಚೌಕಕ್ಕೆ ಬಂದಾಗ ಬಿಸಿಲು ಇಳಿದಿತ್ತು. ಕಚೇರಿ ಬಿಟ್ಟ ಜನ ಇರುವೆ ಸಾಲಿನಂತೆ ಹರಿಯುತ್ತಿದ್ದರು. ಕಾರು ಎರಡು ಬಸ್ಸುಗಳ ನಡುವೆ ಸಿಕ್ಕಿಕೊಂಡಿತು. ಹಲ್ಲಪ್ಪ ಕುತ್ತಿಗೆ ಉದ್ದ ಮಾಡಿ ನೋಡಿದರೆ, ಚೌಕದ ಆಚೆ ಬದಿಯಲ್ಲಿ ಹೆಂಗಸರಿಬ್ಬರೂ ಕೈ ಕೈ ಹಿಡಿದುಕೊಂಡು, ಇವರಿಗೆ ಬೆನ್ನು ಹಾಕಿ, ಎಲ್ಲಿಗೋ ನಡೆದು ಹೋಗುತ್ತಿದ್ದರು.

"ಅಲ್ಲಿ ಹೋಗ್ತಿದ್ದಾರೆ. ಈ ಗಲಾಟೇಲಿ ಹಾರ್ನ್ ಹೊಡೆದ್ರೂ ಕೇಳಲ್ಲ" ಎಂದ.

ಮೇಷ್ಟ್ರು ಬಾಗಿಲು ತೆಗೆದು ಇಳಿದರು. ಕೋಟಿನ ಮೇಲಿನ ಗುಂಡಿ ಬಿಚ್ಚಿದರು. ಎದೆ ತುಂಬ ಉಸಿರೆಳೆದು, ಒಂದು ಕ್ಷಣ ಅನುಮಾನಿಸಿ, ಹಲ್ಲಪ್ಪನ ಕಡೆ ನೋಡಿದರು.

"ಹಾರಲ್ಲ. ನಂದು ಗ್ಯಾರಂಟಿ" ಎಂದ ಹಲ್ಲಪ್ಪ.

"ನಿಲ್ಲ್!"

ಚೌಕ ನಿಂತಿತು. ಸೈಕಲ್ಲಿನವನು ಕಾಲು ಊರಿದ, ಬಲೂನು ಮಾರುವವನು ಕೈ ಕೆಳಗಿಳಿಸಿ ನೆಟ್ಟಗಾದ, ಸಂಚಾರದ ಪೊಲೀಸಿನವನು ಅಭ್ಯಾಸಬಲದಿಂದ ಹಿಮ್ಮಡಿ ಜೋಡಿಸಿದ.

"ಹಿಂದಕ್ಕೆ ತಿರುಗ್!"

ಜನಜಂಗುಳಿಯ ನಡುವೆ ನರ್ಸಮ್ಮ ಗಿರ್ರನೆ ತಿರುಗಿದರು. ಅವರ ಜೊತೆಗೆ ಇನ್ನೂ ಹತ್ತಾರು ಮಂದಿ, ಯಾಕೆಂದು ತಿಳಿಯದೆಯೇ, ತಿರುಗಿಬಿಟ್ಟರು. ನರ್ಸಮ್ಮ ಅಲ್ಲಿಂದಲೇ ಕೈಯೆತ್ತಿ ಬೀಸಿದರು. ಹತ್ತಿರ ಬಂದಾಗ ಅವರ ಕಣ್ಣು ಒದ್ದೆಯಾಗಿತ್ತು, ಬಾಯಿ ಮಾತ್ರ ಬಯ್ಯುತ್ತಿತ್ತು. "ಬೀದೀಲಿ ಹೀಗಾ ಕೂಗೋದು? ನಾಚಿಕೆ ಆಗಲ್ವಾ ನಿಮಗೆ?"

"ಗೋಪುರ ಹತ್ತಿದ್ರಾ?" ಎಂದು ಕೇಳಿದ ಹಲ್ಲಪ್ಪ.

"ಎಲ್ಲಿ ಹತ್ತೋದು?" ಎಂದಳು ಅವನ ಹೆಂಡತಿ. "ಅಕ್ಕ ಮಾತಾಡ್ತಾ ಕೂತ್ರು, ನಾನು ಕೇಳ್ತಾ ಕೂತೆ. ಆಮೇಲೆ ಚಪ್ಪಲಿ ಅಂಗಡಿಗೆ ಹೊರಟ್ವಿ." ಬೆಳಿಗ್ಗೆ ಬೀಗಿತ್ತಿಯವರು ಆಗಿದ್ದವರು ಸಂಜೆಗೆ ಅಕ್ಕ ಆಗಿದ್ದರು. ಹಲ್ಲಿನ ಕತೆಯೂ ಅವಳ ಕಿವಿಗೆ ಬಿದ್ದಿರಬೇಕು. ಮೇಷ್ಟ್ರನ್ನು ನೇರವಾಗಿ ನೋಡಲಾಗದೆ, ಚೀಲದೊಳಗೆ ಕೈಯಾಡಿಸಿ ಒಂದು ಸೇಬು ತೆಗೆದು, "ಅಣ್ಣಾ, ತಗೊಳಿ. ಮಧ್ಯಾಹ್ನ ಏನೂ ತಿನ್ನಲಿಲ್ಲ ನೀವು" ಎಂದಳು.

ಮೇಷ್ಟ್ರು ಸೇಬನ್ನು ಕಚ್ಚಿದ ಸದ್ದು ನಾಲ್ವರಿಗೂ ಕೇಳಿಸಿತು.

ಲಿಫ್ಟಿನಲ್ಲಿ ಕೊನೆಯ ಸರದಿಗೆ ಜಾಗ ಸಿಕ್ಕಿತು. ಗೋಪುರದ ನೆತ್ತಿಯಲ್ಲಿ ಗಾಳಿಗೆ ಸೆರಗು ಹಾರುತ್ತಿತ್ತು. ಕೆಳಗೆ ನಗರ ತಟ್ಟೆಯ ಹಾಗೆ ಹರಡಿಕೊಂಡಿತ್ತು. ನೋಡಲಾಗದೆ ಉಳಿದಿದ್ದ ಝೂ ಒಂದು ಕಡೆ ಹಸಿರು ಚುಕ್ಕೆ, ಹೂದೋಟ ಇನ್ನೊಂದು ಕಡೆ. ಹಲ್ಲಪ್ಪ ಕೈ ಚಾಚಿ ಒಂದೊಂದನ್ನೇ ತೋರಿಸಿದ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಿದ. "ನಿಮ್ಮ ಮನೆ ಎಲ್ಲಿದೆ?" ಎಂದು ಮೇಷ್ಟ್ರು ಕೇಳಿದಾಗ ಅವನು ಎಷ್ಟು ಹುಡುಕಿದರೂ ಸಿಗಲಿಲ್ಲ. ಅವನ ಹೆಂಡತಿ ಕಂಬಿಗೆ ಆತುಕೊಂಡು ದೂರದ ಒಂದು ಮಾಳಿಗೆಯತ್ತ ಬೆರಳು ಮಾಡಿದಳು. "ಅಗೋ ಕೆಂಪು ಹೊದಿಕೆ. ಬೆಳಿಗ್ಗೆ ಒಣಗೋಕೆ ಹಾಕಿದ್ದು." ನಾಲ್ವರೂ ಅದನ್ನೇ ನೋಡುತ್ತ ನಿಂತರು. ಅರಮನೆಗಿಂತ ಹೆಚ್ಚು ಹೊತ್ತು.

ರೈಲಿಗೆ ಹೊತ್ತಾಗಿಯೇ ಹೋಯಿತು. ಮಗಳೂ ಅಳಿಯನೂ ಪ್ಲಾಟ್‌ಫಾರಂನಲ್ಲಿ ಪೆಟ್ಟಿಗೆ ಹಿಡಿದು ಕಾಯುತ್ತಿದ್ದರು. ತನ್ನಪ್ಪ ದೂರದಿಂದಲೇ ಜೋರಾಗಿ ಮಾತಾಡುತ್ತ ಬರುವುದನ್ನು ಕಂಡು ಅಳಿಯ ಬೆಕ್ಕಸಬೆರಗಾದ. ಹಲ್ಲಪ್ಪ ಅವನತ್ತ ಕಣ್ಣು ಮಿಟುಕಿಸಿದ. ಮೇಷ್ಟ್ರು ಕಿಟಕಿಯ ಪಕ್ಕ ಕೂತು ಕೈ ಹೊರಗೆ ಚಾಚಿ ಅವನ ಕೈ ಹಿಡಿದರು.

"ಬೀಗರೇ, ಮುಂದಿನ ಸಲ ನೀವಿಬ್ಬರೂ ನಮ್ಮೂರಿಗೆ ಬನ್ನಿ. ನೋಡೋಕೆ ಅಂತ ಅಲ್ಲಿ ಏನೂ ಇಲ್ಲ. ಕಾರಲ್ಲಿ ಒಂದು ಸುತ್ತು ಹಾಕಿದ್ರೆ ಊರು ಮುಗೀತು. ಉಳಿದ ಹೊತ್ತೆಲ್ಲ ಕೂತು ತಿನ್ನಬಹುದು."

"ಬರ್ತೀವಿ. ಹೊಸ ಸೆಟ್ ತಗೊಂಡೇ ಬರ್ತೀವಿ" ಎಂದ ಹಲ್ಲಪ್ಪ.

ರೈಲು ಹೊರಟಿತು. ನರ್ಸಮ್ಮ ಕೈ ಬೀಸುತ್ತಿದ್ದರು, ಅವರ ಪಕ್ಕದಲ್ಲಿ ಮೇಷ್ಟ್ರು ಬಾಯಿ ತುಂಬ ನಗುತ್ತಿದ್ದರು. ಹಲ್ಲಪ್ಪನ ಹೆಂಡತಿ ಬೋಗಿ ಮರೆಯಾಗುವ ತನಕ ನೋಡಿ, "ಹಲ್ಲಿನ ಸಾಲು ಚೆನ್ನಾಗಿಯೇ ಕೂತಿದೆ ರೀ" ಎಂದಳು.